ಗೋಡ್ಯಾಗಿನ ಕುಣಿ

ನಾನು ಸುರಪುರದ ಒಂದು ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಎರಡು ಸೂಕ್ಷ್ಮದರ್ಶಕಗಳಿವೆ. ಒಂದರಲ್ಲಿ ಕಾಣುತ್ತದೆ. ಇನ್ನೊಂದು ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸಲು ಇದೆ. ಹೀಗಾಗಿ ಜೀವಕೋಶದ ಗೋಡೆಯ ಪಾಠ ಬಂದಾಗಲೆಲ್ಲ ನಾನು ನಮ್ಮ ಮನೆಯ ಗೋಡೆಯನ್ನೇ ಉದಾಹರಣೆ ಕೊಡುತ್ತ ಬಂದಿದ್ದೇನೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅದೇ ಉದಾಹರಣೆ. ಗೋಡೆಯೂ ಬದಲಾಗಿರಲಿಲ್ಲ, ನಾನೂ ಬದಲಾಗಿರಲಿಲ್ಲ.

ಪಾಠ ಹೀಗಿದೆ. ನಮ್ಮ ಮನೆಗೂ ಪಕ್ಕದ ಅಖ್ತರಬೇಗಂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಕಲ್ಲು ಮಣ್ಣಿನದು. ಅದರ ನಟ್ಟನಡುವಿನ ಮಣ್ಣು ಯಾರದು? ಇಬ್ಬರದೂ ಹೌದು, ಇಬ್ಬರದೂ ಅಲ್ಲ. ಎರಡು ಜೀವಕೋಶಗಳ ನಡುವೆಯೂ ಅಂಥದೊಂದು ಪದರ ಇರುತ್ತದೆ, ಪೆಕ್ಟಿನ್ ಎಂಬ ಅಂಟಿನದು. ಅದರ ಮೇಲೆ ಈ ಕಡೆ ನಾವು, ಆ ಕಡೆ ಅವರು ಮೆತ್ತಿಕೊಂಡದ್ದು ಪ್ರಾಥಮಿಕ ಗೋಡೆ. ಅಷ್ಟು ತೆಳು ಗೋಡೆಯೇ ಸಾಕೆಂದು ಇರುವ ಕೋಶಗಳ ಅಂಗಾಂಶ ಪೇರೆಂಕೈಮ. ಮೆತ್ತಗಿನ ಜನ, ನೀರು ಹಿಟ್ಟು ಕೂಡಿಟ್ಟುಕೊಂಡು ತಮ್ಮಷ್ಟಕ್ಕೆ ಇರುತ್ತಾರೆ. ಮೂಲೆಗಳನ್ನಷ್ಟೇ ದಪ್ಪ ಮಾಡಿಕೊಂಡು, ಗಾಳಿ ಬಂದಾಗ ಬಾಗಿ, ಹೋದಾಗ ನೆಟ್ಟಗಾಗುವವು ಕೋಲೆಂಕೈಮ. ಎಳೆಯ ದಂಟಿನಲ್ಲಿ ಇರುತ್ತವೆ, ಹೊಸ ಸೊಸೆಯಂದಿರ ಹಾಗೆ. ಇನ್ನು ಮೂರನೆಯ ಜಾತಿ. ಇವಕ್ಕೆ ಇದ್ದ ಗೋಡೆ ಸಾಲುವುದಿಲ್ಲ. ಒಳಗಡೆಯಿಂದ ಇನ್ನೊಂದು ಗೋಡೆ ಎಬ್ಬಿಸುತ್ತವೆ, ಅದಕ್ಕೆ ಲಿಗ್ನಿನ್ ಎಂಬ ಸಿಮೆಂಟು ತುಂಬುತ್ತವೆ. ಗೋಡೆ ದಪ್ಪವಾದಷ್ಟೂ ಒಳಗಿನ ಕೋಣೆ ಸಣ್ಣದಾಗುತ್ತದೆ, ಕೊನೆಗೆ ಒಳಗಿದ್ದವನೇ ಸಾಯುತ್ತಾನೆ. ಗೋಡೆ ಉಳಿಯುತ್ತದೆ. ಇದು ಸ್ಕ್ಲೀರೆಂಕೈಮ. ಪುಂಡಿಯ ನಾರು, ತೆಂಗಿನ ಚಿಪ್ಪು, ಪೇರಲ ಹಣ್ಣು ತಿನ್ನುವಾಗ ಹಲ್ಲಿಗೆ ಸಿಗುವ ಹರಳು, ಎಲ್ಲ ಇವೇ.

ಅಷ್ಟು ಗಟ್ಟಿ ಗೋಡೆ ಕಟ್ಟಿದವೂ ಅಲ್ಲಲ್ಲಿ ತೂತು ಬಿಟ್ಟಿರುತ್ತವೆ. ಪಕ್ಕದ ಕೋಶವೂ ಅದೇ ಜಾಗಕ್ಕೆ ಎದುರಾಗಿ ಬಿಟ್ಟಿರುತ್ತದೆ. ಪುಸ್ತಕದಲ್ಲಿ ಅದನ್ನು ಕುಳಿ ಎಂದು ಬರೆದಿದ್ದಾರೆ. ನಮ್ಮ ಕಡೆ ಯಾರ ನಾಲಿಗೆಯೂ ಕುಳಿ ಎಂದು ಹೊರಳುವುದಿಲ್ಲ, ಕುಣಿ ಎನ್ನುತ್ತಾರೆ. ಕುಣಿ ಎಂದರೆ ತಗ್ಗು. ಆದರೆ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಹೆಣ ಇಳಿಸುವ ತಗ್ಗು. ಮೊದಮೊದಲು ನಾನು ಹುಡುಗರನ್ನು ತಿದ್ದುತ್ತಿದ್ದೆ. ಆಮೇಲೆ ಬೇಸತ್ತು ನಾನೂ ಕುಣಿ ಎಂದೇ ಹೇಳತೊಡಗಿದೆ. ನಮ್ಮ ಮನೆಯ ಗೋಡೆಯಲ್ಲೂ ಒಂದು ಕಿಂಡಿ ಇದ್ದುದರಿಂದ ಉದಾಹರಣೆ ಪೂರ್ತಿ ಹೊಂದುತ್ತಿತ್ತು. ಒಮ್ಮೆ ಪ್ರಾಯೋಗಿಕ ಪರೀಕ್ಷೆಗೆ ಯಾದಗಿರಿಯಿಂದ ಬಂದ ಪರೀಕ್ಷಕರು ಹುಡುಗಿಯೊಬ್ಬಳಿಗೆ ‘ಕುಳಿ ಎಲ್ಲಿರುತ್ತದೆ’ ಎಂದು ಕೇಳಿದರು. ಅವಳು ‘ಗುರುದೇವಿ ಮೇಡಂ ಅವರ ಅತ್ತಿ ಖೋಲ್ಯಾಗ್ರಿ’ ಎಂದಳು. ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

ಹೌದು, ಕಿಂಡಿ ಇದ್ದದ್ದು ನಮ್ಮತ್ತೆ ಗೊಲ್ಲಾಳಮ್ಮನವರ ಕೋಣೆಯಲ್ಲಿ, ತೀರಿಹೋದ ಮಾವ ಶಾಂತಪ್ಪನವರ ಫೋಟೊದ ಪಕ್ಕ. ತಾಟನ್ನು ಓರೆ ಮಾಡಿದರೆ ದಾಟುವಷ್ಟು ದೊಡ್ಡದು. ಒಲೆ ಹೊತ್ತಿಸಲು ಕೆಂಡ ಕೊಡುವುದಕ್ಕೆ ಹಿಂದಿನವರು ಒಡೆದದ್ದಂತೆ. ಕೆಂಡ ಬೇಡಿದವರು ಯಾರು ಎಂಬುದರಲ್ಲಿ ಎರಡು ಮತ. ನಮ್ಮತ್ತೆ ಆ ಮನೆಯವರು ಎನ್ನುತ್ತಿದ್ದರು, ಅಖ್ತರಬೇಗಂ ಈ ಮನೆಯವರು ಎನ್ನುತ್ತಿದ್ದರು. ಕೆಂಡದ ಕಾಲ ಮುಗಿದ ಮೇಲೆ ಮಜ್ಜಿಗೆ, ಸೂಜಿ, ಜ್ವರದ ಗುಳಿಗೆ, ಅವರ ಹಿತ್ತಲಿನ ಪೇರಲ ಹಣ್ಣು ಓಡಾಡಿದವು. ಎಲ್ಲಕ್ಕಿಂತ ಹೆಚ್ಚು ಓಡಾಡಿದ್ದು ಬೈಗುಳ. ಅವರ ಮನೆಯಲ್ಲಿ ಮಾಂಸ ಬೇಯುವ ದಿನ ಅವರೇ ಕಿಂಡಿಗೆ ಬಟ್ಟೆ ತುರುಕುತ್ತಿದ್ದರು. ನಮ್ಮತ್ತೆ ಬಟ್ಟೆಯ ಈ ಕಡೆ ಕೂತು, ‘ಇವತ್ತ ಮಸಾಲಿ ಹತ್ತಿಸಿಗೊಂಡಿ ನೋಡು’ ಎಂದು ತಪ್ಪು ಹುಡುಕುತ್ತಿದ್ದರು.

ಬಚ್ಚಲಲ್ಲಿ ಬಿದ್ದು ಸೊಂಟದ ಚಪ್ಪೆ ಮುರಿದ ಮೇಲೆ ನಮ್ಮತ್ತೆ ಹೊಸ್ತಿಲು ದಾಟಲಿಲ್ಲ. ಅಖ್ತರಬೇಗಂ ಅವರ ಮೊಣಕಾಲು ಅದಕ್ಕೂ ಮೊದಲೇ ಕೈಕೊಟ್ಟಿತ್ತು. ಎರಡು ತಲೆಬಾಗಿಲುಗಳ ನಡುವೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟು ಜಾಗ, ಆದರೆ ಅವರಿಬ್ಬರಿಗೆ ಅದು ಹೈದರಾಬಾದಿನಷ್ಟು ದೂರ. ಇಬ್ಬರಿಗೂ ಉಳಿದದ್ದು ಕಿಂಡಿ ಒಂದೇ. ಬೆಳಗ್ಗೆ ನಾನು ಕಾಲೇಜಿಗೆ ಹೊರಡುವಾಗ ಮಾತು ಶುರುವಾಗಿರುತ್ತಿತ್ತು, ಸಂಜೆ ಬಂದಾಗಲೂ ಅದೇ ಮಾತು ನಡೆದಿರುತ್ತಿತ್ತು.

ಕಳೆದ ವರ್ಷ ಪುಂಡಿ ಪಲ್ಯದಿಂದ ಅದು ನಿಂತಿತು.

ಮನೆಯಲ್ಲಿ ನಮ್ಮತ್ತೆಗೆ ಉಳಿದಿದ್ದ ಕೆಲಸ ಪಲ್ಯ ಸೋಸುವುದು, ಎಂದರೆ ಹಸಿ ಸೊಪ್ಪಿನಿಂದ ಬಲಿತ ದಂಟು ಆರಿಸಿ ತೆಗೆಯುವುದು. ಕಣ್ಣಿಗೆ ಪೊರೆ ಬಂದಿದ್ದರೂ ಆ ಕೆಲಸ ಬಿಟ್ಟುಕೊಡುತ್ತಿರಲಿಲ್ಲ. ಕೈಬೆರಳಿಗೆ ಎಳೆಯದು ಬಲಿತದ್ದು ತಿಳಿಯುತ್ತದೆ ಎನ್ನುತ್ತಿದ್ದರು. ಆ ದಿನ ಸೋಸಿದ ಪುಂಡಿಯನ್ನು ನಾನು ಬೇಯಿಸಿದೆ, ಕಿಂಡಿಯಿಂದ ಒಂದು ವಾಟಗಾ, ಬಟ್ಟಲು ತುಂಬ, ಆ ಕಡೆ ಹೋಯಿತು. ಮರುದಿನ ಖಾಲಿ ವಾಟಗಾ ಬಂತು, ಅದರ ಹಿಂದೆ ಮಾತು ಬಂತು.

“ಗೊಲ್ಲಾಳಿ, ಪಲ್ಯದಾಗ ನಾರ ಅದ. ಇನ್ನೊಂದು ವಾಟಗಾ ಕಳಿಸಿದ್ರ ನಾ ಮಲಗೋ ಹೊರಸಿಗಿ ನುಲಿ ಹಾಕಬಹುದಿತ್ತು.”

“ನಾ ಸೋಸಿದ ಪಲ್ಯದಾಗ ನಾರ ಇರಲ್ಲ.”

“ಹಲ್ಲಾಗ ಸಿಕ್ಕಾದ. ಈಗೂ ಅದ. ತೋರಸ್ಲೇನು?”

“ನಿನ್ನ ಹಲ್ಲಾಗ ಏನೇನ ಇರ್ತಾವೊ ನನಗೇನ ಗೊತ್ತು!”

ಮುಂದಿನ ಮಾತುಗಳನ್ನು ಬರೆಯುವುದು ಬೇಡ. ಹಿರಿಯರು.

ಸಂಜೆ ನಮ್ಮತ್ತೆ ನನ್ನನ್ನು ಕರೆದು, “ನೀ ಗಿಡದ ಬಗ್ಗೆ ಓದಿದಾಕಿ. ಖರೆ ಹೇಳು, ನಾರ ಇತ್ತೇನು?” ಎಂದು ಕೇಳಿದರು. ಪಾತ್ರೆಯ ತಳದಲ್ಲಿ ಉಳಿದಿದ್ದ ದಂಟಿನ ಚೂರನ್ನು ನಾನು ಡಬ್ಬಿಯಲ್ಲಿ ಹಾಕಿಕೊಂಡು ಮರುದಿನ ಕಾಲೇಜಿಗೆ ಹೋದೆ. ಬ್ಲೇಡಿನಿಂದ ತೆಳ್ಳಗೆ ಕೊಯ್ದು ಸಾಫ್ರನಿನ್ ಹನಿಸಿದೆ. ಅದು ಲಿಗ್ನಿನ್ ಇರುವ ಗೋಡೆಗೆ ಕೆಂಪು ಹಿಡಿಸುವ ಬಣ್ಣ. ಕಾಣುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಂಕುಮದ ಭರಣಿ ಚೆಲ್ಲಿದ ಹಾಗೆ ಕೆಂಪು. ಪೆಕ್ಟಿನ್ ಕುದಿಯುವ ನೀರಿಗೆ ಸಡಿಲವಾಗುತ್ತದೆ, ಪಲ್ಯ ಮೆತ್ತಗಾಗುವುದು ಅದರಿಂದಲೇ. ಲಿಗ್ನಿನ್ ಹಾಗಲ್ಲ, ಒಂದು ಸಿಲಿಂಡರ್ ಪೂರ್ತಿ ಉರಿಸಿದರೂ ಜಪ್ಪಯ್ಯ ಎನ್ನುವುದಿಲ್ಲ. ಪಲ್ಯದಲ್ಲಿ ನಾರು ಇತ್ತು. ಧಾರಾಳವಾಗಿ ಇತ್ತು.

ಮನೆಗೆ ಬಂದು, “ಇದ್ದಿಲ್ರಿ ಅತ್ತಿ” ಎಂದೆ. ವಿಜ್ಞಾನಕ್ಕೆ ಗೊತ್ತಿದ್ದರೆ ಸಾಕು, ಮನೆಗೆ ಗೊತ್ತಾಗಬೇಕೆಂದಿಲ್ಲ.

ಇದು ತಪ್ಪಾಯಿತು. ವಿಜ್ಞಾನವೇ ತಮ್ಮ ಕಡೆ ಇದೆ ಎಂದ ಮೇಲೆ ನಮ್ಮತ್ತೆಯ ಧೈರ್ಯ ಏರಿತು. ಅಖ್ತರಬೇಗಂ ಮಾತು ಹಿಂದೆ ತೆಗೆದುಕೊಳ್ಳುವವರೆಗೆ ಕಿಂಡಿ ಬಂದ್ ಎಂದು ಸಾರಿ, ಗೋಣಿತಟ್ಟು ಮಡಚಿ ತುರುಕಿಸಿದರು. ತುರುಕಿದವಳು ನಾನೇ. ಆ ಕಡೆಯಿಂದಲೂ ಏನನ್ನೋ ಒತ್ತಿ ತುರುಕಿದ ಸಪ್ಪಳ ಕೇಳಿತು.

ಆ ವರ್ಷ ಮಳೆ ತಡವಾಯಿತು. ಜೂನ್ ಮುಗಿದರೂ ಗೋಡೆ ಮುಟ್ಟಿದರೆ ಅಂಗೈ ಬಿಸಿಯಾಗುತ್ತಿತ್ತು. ನಮ್ಮ ಯಜಮಾನರು ಶರಣಕುಮಾರ, ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಇಟ್ಟವರು, ತಾಯಿಯ ಕೋಣೆಗೆ ಎಸಿ ಹಾಕಿಸುವುದಾಗಿ ಹೇಳಿದರು. ಬೇಸಿಗೆ ಮುಗಿದ ಮೇಲೆ ಎಸಿ ಅಗ್ಗವಂತೆ, ಶಹಾಪುರದ ಡೀಲರ್ ಹೇಳಿದ್ದನಂತೆ. ಆದರೆ ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ, ಗೆದ್ದಲು ಬೇರೆ. ಆದ್ದರಿಂದ ನಮ್ಮ ಕಡೆಯಿಂದ ಹಳೆ ಗೋಡೆಗೆ ಅಂಟಿಸಿ ಸಿಮೆಂಟ್ ಬ್ಲಾಕಿನ ಹೊಸ ಗೋಡೆ ಎಬ್ಬಿಸಬೇಕು. ನಾನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದ ಚಿತ್ರ ಅದು.

“ಕಿಂಡಿ?” ಎಂದು ಕೇಳಿದೆ.

“ಕಿಂಡಿ ಇಟ್ಟರ ಥಂಡಿ ನಿಂದರತದೇನು? ಮುಚ್ಚೋದೇ.”

“ಗಿಡ ಸುದ್ದಾ ಗೋಡಿ ಕಟ್ಟುವಾಗ ಕುಣಿ ಬಿಡತದ್ರಿ.”

“ಗಿಡಕ್ಕ ಎಸಿ ಇರಲ್ಲ,” ಎಂದರು. ನನ್ನ ಗಂಡ ವಾದದಲ್ಲಿ ಗೆಲ್ಲುವುದು ಅಪರೂಪ, ಗೆದ್ದ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಾರೆ.

ನಮ್ಮತ್ತೆಯನ್ನು ಕೇಳಿದೆ. “ಮುಚ್ಚಲಿ. ಯಾರ ಮಾರಿ ನೋಡೋದದ ಅಲ್ಲಿ?” ಎಂದರು. ಆದರೆ ಅವರ ಮಂಚ ದಿನದಿನಕ್ಕೆ ಗೋಡೆಯ ಹತ್ತಿರ ಸರಿಯುತ್ತಿತ್ತು. ಸರಿಸಿದವರು ಯಾರು ಎಂದರೆ ಯಾರೂ ಅಲ್ಲ. ಪಲ್ಯ ಸೋಸಲು ಕೊಟ್ಟರೆ ಕಣ್ಣು ಮಂಜು ಎನ್ನುತ್ತಿದ್ದರು. ಅಖ್ತರಬೇಗಂ ಅವರ ಮೊಮ್ಮಗಳು ಸಮ್ರೀನ್ ನನ್ನ ತರಗತಿಯಲ್ಲೇ ಓದುತ್ತಾಳೆ. ಸಂಜೆ ಚಹಾ ಕೊಟ್ಟ ಕೂಡಲೇ ನಮ್ಮತ್ತೆ ಕೇಳುವರು:

“ಸಮ್ರೀನ್ ಕಾಲೇಜಿಗಿ ಬಂದಿತ್ತೇನು?”

“ಬಂದಿದ್ಲರಿ.”

“ಅವರ ಮನ್ಯಾಗ ಎಲ್ಲಾ ಆರಾಮ ಅಂತೇನು?”

“ಕೇಳಿಲ್ರಿ. ಕೇಳಲೇನು?”

“ಕೇಳಬ್ಯಾಡ.”

ಮತ್ತೆ ಮರುದಿನ ಅದೇ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಮೂವತ್ತು ವರ್ಷ ನನ್ನನ್ನು ಗದರಿಸಿದ ಹೆಂಗಸು ಮುಖ ಗೋಡೆಗೆ ಮಾಡಿ ಮಲಗಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಈ ಗೋಡೆ ಎದ್ದರೆ ಅವರು ಒಳಗೇ ಒಣಗಿಹೋಗುತ್ತಾರೆ ಎಂಬುದು ನನಗೆ ಖಚಿತವಾಗಿತ್ತು. ಪಾಠ ಹೇಳುವವಳಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ?

ಗೋಡೆ ಕಟ್ಟುವ ಗೌಂಡಿ ದ್ಯಾವಪ್ಪ, ಅವನ ಹೆಂಡತಿ ದುರಗಮ್ಮ ಒಂದು ಸೋಮವಾರ ಕೆಲಸಕ್ಕೆ ಬಂದರು. ನಮ್ಮತ್ತೆಯನ್ನು ಮಂಚದ ಸಮೇತ ಪಡಸಾಲೆಗೆ ಸಾಗಿಸಿದೆವು. ಧೂಳು ಬೀಳಬಾರದೆಂದು ನಾನೇ ಮಾವನವರ ಬಿಳಿ ಧೋತರವನ್ನು ತಲೆಯಿಂದ ಪಾದದವರೆಗೆ ಹೊದಿಸಿ ಕಾಲೇಜಿಗೆ ಹೊರಟೆ. ಮುಂದೆ ಆದದ್ದರಲ್ಲಿ ಧೋತರದ್ದೂ ಒಂದು ಪಾಲು ಇದೆ.

ಆ ದಿನ ಪ್ರಯೋಗಾಲಯದಲ್ಲಿ ಪೇರಲ ಹಣ್ಣು. ಹಣ್ಣು ತಂದವಳು ಸಮ್ರೀನ್. ತಿರುಳನ್ನು ಗಾಜಿನ ಪಟ್ಟಿಯ ಮೇಲೆ ಒರೆಸಿ ಬಣ್ಣ ಹಾಕಿದರೆ ಹರಳಿನ ಕೋಶಗಳು ಕಾಣುತ್ತವೆ. ಗೋಡೆ ಎಷ್ಟು ದಪ್ಪವೆಂದರೆ ಒಳಗೆ ಉಳಿದಿರುವುದು ಸಾಸಿವೆಯಷ್ಟು ಜಾಗ. ಆ ಸಾಸಿವೆಯಿಂದ ಸುತ್ತ ನಾಲ್ಕೂ ಕಡೆಗೆ ಸಣ್ಣ ದಾರಿಗಳು ಹೊರಟಿರುತ್ತವೆ. ಅವೇ ಕುಣಿಗಳು. ಸಮ್ರೀನ್ ಬಹಳ ಹೊತ್ತು ಕಣ್ಣಿಟ್ಟು ನೋಡಿ ಕೇಳಿದಳು.

“ಮೇಡಂ, ಈ ಕೋಶ ಸತ್ತಿರತದ ಅಂತೀರಿ. ಸತ್ತ ಮ್ಯಾಲ ಕುಣಿ ಎದಕ ಬೇಕ್ರಿ?”

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸತ್ತ ಮೇಲಲ್ಲದೆ ಕುಣಿ ಇನ್ನು ಯಾವಾಗ ಬೇಕು! ನಾನು ‘ಸಿಲೆಬಸ್ಸಿನಲ್ಲಿ ಇಲ್ಲ’ ಎಂದೆ. ಗೊತ್ತಿಲ್ಲದ್ದಕ್ಕೆಲ್ಲ ನಾವು ಹೇಳುವ ಉತ್ತರ ಅದು. ಗದ್ದಲ ಅಡಗಿದ ಮೇಲೆ ಅವಳು ನನ್ನ ಹತ್ತಿರ ಬಂದು ತನ್ನ ಅಜ್ಜಿಯ ಸುದ್ದಿ ಮೆಲ್ಲಗೆ ಹೇಳಿದಳು.

“ನಮ್ಮ ದಾದಿ ನಿನ್ನಿ ಹೊರಸು ಗೋಡಿ ಬಾಜೂ ಹಾಕಿಸಿಗೊಂಡಾಳ್ರಿ. ಕಿಂಡಿಗಿ ಕಿವಿ ಹಚ್ಚಿ ಮಲಗತಾಳ. ಗೋಡಿ ಕಟ್ಟತಾರಂತ ಹೇಳಿದೆ, ಊಟಾನೇ ಮಾಡಿಲ್ರಿ.”

ನಾನು ಹೊರಗೆ ಬಂದೆ. ಗಂಡನನ್ನು ಕೇಳುವುದಿಲ್ಲ, ಅತ್ತೆಯನ್ನೂ ಕೇಳುವುದಿಲ್ಲ ಎಂದು ತೀರ್ಮಾನಿಸಿ ನೇರವಾಗಿ ದ್ಯಾವಪ್ಪನಿಗೆ ಫೋನ್ ಹಚ್ಚಿದೆ. ಆ ಮಾತುಕತೆ ನನಗೆ ಅಕ್ಷರ ಅಕ್ಷರವೂ ನೆನಪಿದೆ, ಆಮೇಲೆ ಊರವರೆಲ್ಲ ಅದನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದ್ದಾರೆ.

“ದ್ಯಾವಪ್ಪ, ಗೋಡಿ ಕೆಲಸ ನಿಲ್ಲಸು. ನಮ್ಮತ್ತಿಗಿ ಕುಣಿ ಬೇಕು.”

ಆ ಕಡೆ ಕರಣಿಯ ಸಪ್ಪಳ ನಿಂತಿತು. “ಯಾವಾಗ್ರಿ ಅಕ್ಕೋರ?”

“ಯಾವಾಗ ಅಂದ್ರ? ಇವತ್ತ ಆಗಬೇಕು.”

“ಹೌದ್ರಿ, ಇಡಾಕ ಬರಲ್ಲ. ಜಾಗಾ ಎಲ್ಲಿರಿ? ಮಾವನೋರ ಬಾಜೂಕೇನ್ರಿ?”

ಕಿಂಡಿ ಮಾವನವರ ಫೋಟೊದ ಪಕ್ಕ ಇತ್ತಲ್ಲ. ಗೌಂಡಿ ಎಷ್ಟು ಚೆನ್ನಾಗಿ ಗಮನಿಸಿದ್ದಾನೆ ಎಂದು ನನಗೆ ಮೆಚ್ಚುಗೆಯೂ ಆಯಿತು. “ಹೌದು, ಮಾವನೋರ ಬಾಜೂಕ. ಸಣ್ಣದು ಮಾಡಬ್ಯಾಡ, ಸಡ್ಲ ಇರಲಿ.”

“ಆಯ್ತ್ರಿ. ನೀವು ಧೈರ್ಯ ತಗೋರಿ ಅಕ್ಕೋರ.”

ಗಂಡನನ್ನು ಎದುರಿಸಲು ಧೈರ್ಯ ಬೇಕು ಎಂದು ಹೇಳುತ್ತಿದ್ದಾನೆ ಎಂದುಕೊಂಡೆ. ಫೋನನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟು ಮುಂದಿನ ತರಗತಿಗೆ ಹೋದೆ.

ಮುಂದಿನದನ್ನು ನನಗೆ ಹೇಳಿದವಳು ದುರಗಮ್ಮ. ಹೊಸ ಗೋಡೆ ಕಿಂಡಿಯ ಕೆಳಗಿನ ಅಂಚಿಗೆ ಬಂದಿತ್ತು. ದ್ಯಾವಪ್ಪ ಕರಣಿ ಕೆಳಗಿಟ್ಟು, ತಲೆಯ ರುಮಾಲು ಬಿಚ್ಚಿ, “ಮುದುಕಿ ಹೋದಳಂತ” ಎಂದ. ದುರಗಮ್ಮ ಪಡಸಾಲೆಗೆ ಇಣುಕಿದಳು. ಮಂಚ, ಅದರ ಮೇಲೆ ಉದ್ದಕ್ಕೆ ಬಿಳಿ ಧೋತರ. ಮುಟ್ಟಿ ನೋಡುವ ಪ್ರಶ್ನೆಯೇ ಬರಲಿಲ್ಲ, ಓದಿದ ಅಕ್ಕೋರು ಫೋನಿನಲ್ಲಿ ಹೇಳಿದ್ದಾರೆ. ದ್ಯಾವಪ್ಪ ನಮ್ಮ ಯಜಮಾನರಿಗೆ ಫೋನ್ ಮಾಡಿದ. ಅವರು ನನಗೆ ಮಾಡಿದರು, ನಾನು ಎತ್ತಲಿಲ್ಲ. ‘ಅಳಾಕತ್ತಿರಬೇಕು’ ಎಂದುಕೊಂಡು ಗುರುಮಠಕಲ್‌ನಲ್ಲಿರುವ ತಂಗಿ ಭುವನೇಶ್ವರಿಗೆ ಹೇಳಿದರು. ಆಕೆ ಬಸ್ ಹತ್ತಿದಳು. ದ್ಯಾವಪ್ಪ ಇಬ್ಬರು ಆಳುಗಳಿಗೆ ಸಲಿಕೆ ಕೊಟ್ಟು ನಮ್ಮ ಹೊಲಕ್ಕೆ, ಮಾವನವರ ಗದ್ದುಗೆಯ ಬಾಜೂಕೆ, ಸಡಿಲವಾಗಿ ತೋಡಲು ಕಳಿಸಿದ.

ಇಷ್ಟಾದ ಮೇಲೆ ದುರಗಮ್ಮ ಅರ್ಧ ಗೋಡೆಯ ಮುಂದೆ ಕೂತು ಹಾಡಿಕೊಂಡು ಅಳಲು ಶುರು ಮಾಡಿದಳು. ಆಕೆಯ ಗಂಟಲು ದೊಡ್ಡದು. ಹಾಡು ಎರಡನೆಯ ಸುತ್ತಿಗೆ ಬರುವಾಗ ಕಿಂಡಿಯ ಗೋಣಿತಟ್ಟು ಒಮ್ಮೆಲೆ ಮುಂದೆ ಬಂದು ಹಸಿ ಸಿಮೆಂಟಿನ ಮೇಲೆ ಬಿತ್ತು. ಅದರ ಹಿಂದೆ ಅಖ್ತರಬೇಗಂ ಅವರ ಮುಖ.

“ಯಾರ ಹೋದ್ರು?”

“ಗೊಲ್ಲಾಳಮ್ಮ ಅಮ್ಮೋರು,” ಎಂದಳು ದುರಗಮ್ಮ.

ಆಮೇಲೆ ಕಿಂಡಿಯೊಳಗಿಂದ ಒಂದು ಕೈ ಹೊರಬಂದು ಹೊಸ ಗೋಡೆಯ ಬ್ಲಾಕನ್ನು ಬಡಿಯತೊಡಗಿತಂತೆ.

“ಯಾ ಅಲ್ಲಾ! ಗೊಲ್ಲಾಳಿ, ಹೇಳದ ಕೇಳದ ಹಿಂಗ ಹೋಗ್ತಾರೇನ? ಪಲ್ಯದಾಗ ನಾರ ಇದ್ದಿಲ್ಲವ್ವ. ನನ್ನ ಹಲ್ಲಾಗ ದಮ್ ಇದ್ದಿಲ್ಲ, ನಿನ್ನ ಮ್ಯಾಲ ಹಾಕಿದೆ. ನಿನ್ನಂಗ ಪಲ್ಯ ಸೋಸಾಕಿ ಈ ಓಣ್ಯಾಗ ಯಾರದಾರ? ನಾ ಇನ್ನ ಯಾರ ಜೋಡಿ ಜಗಳಾಡಲಿ?”

ದುರಗಮ್ಮನಿಗೂ ದುಃಖ ಹೆಚ್ಚಾಗಿ ಧ್ವನಿ ಏರಿಸಿದಳು. ಆಗ ಪಡಸಾಲೆಯಿಂದ ಮಾತು ಕೇಳಿತು.

“ಏ ದುರಗವ್ವ, ಜರಾ ಅಳಾದು ನಿಲ್ಲಸು. ಆಕಿ ಏನಂದ್ಲು, ನನಗ ಇನ್ನೊಮ್ಮಿ ಕೇಳಬೇಕಾಗ್ಯದ.”

ದುರಗಮ್ಮ ಚೀರಿ ಅಂಗಳಕ್ಕೆ ಹಾರಿದಳು. ನಮ್ಮತ್ತೆ ಧೋತರ ಸರಿಸಿ, ಇದ್ದ ಜಾಗದಿಂದಲೇ ಕೂಗಿ ಕೇಳಿದರು.

“ಅಖ್ತರಿ, ಹಂಗಂದ್ರ ನಾರ ಇದ್ದಿಲ್ಲ ಹೌದಲ್ಲ?”

ಬ್ಲಾಕು ಬಡಿಯುತ್ತಿದ್ದ ಕೈ ಕಿಂಡಿಯೊಳಗೆ ಸರಿಯಿತು. ಆಮೇಲೆ ಉತ್ತರ ಬಂತು.

“ಸತ್ತಿದಿ ಅಂತ ಅಂದೆ. ಬದುಕಿದ್ರ ಇತ್ತು.”

ನಾನೂ ಸಮ್ರೀನೂ ಮನೆ ಮುಟ್ಟಿದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಮ್ಮ ಯಜಮಾನರು ಹೂವಿನ ಹಾರ ಹಿಡಿದುಕೊಂಡು ನಿಂತಿದ್ದರು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ. ಕ್ರಿಯೆಗೆ ಬಂದ ಅಯ್ಯನವರು ಚಹಾ ಕುಡಿಯುತ್ತಿದ್ದರು. ಶಹಾಪುರದಿಂದ ಟೆಂಪೊ ಎಸಿ ತಂದಿತ್ತು, ಅದರ ಡ್ರೈವರ್ ತಲೆ ತಗ್ಗಿಸಿ ಕೈಮುಗಿದು ನಿಂತಿದ್ದ. ಒಳಗೆ ನಮ್ಮತ್ತೆ ಮಂಚದ ಮೇಲೆ ಎದ್ದು ಕೂತು ಟೆಂಪೊದವನಿಂದ ಹಿಡಿದು ಎಲ್ಲರನ್ನೂ ಬೈಯುತ್ತಿದ್ದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ರಕ್ತ ಕಂಡಿತು. ನನಗೆ ಅಳು ಬಂತು, ನಗು ಬಂತು, ಯಾವುದನ್ನೂ ಮಾಡುವ ಮೊದಲು ದ್ಯಾವಪ್ಪ ಎದುರಿಗೆ ಬಂದ.

“ಅಕ್ಕೋರ, ನೀವೇ ಅಲ್ರೀ ಕುಣಿ ಅಂದಿದ್ದು?”

“ಗೋಡ್ಯಾಗಿನ ಕುಣಿ ಅಂದೆ ಮಾರಾಯ.”

“ಅದಕ್ಕ ಕಿಂಡಿ ಅಂತಾರ್ರಿ.”

ಹಾಗೆಂದಿದ್ದರೆ ಸಾಕಿತ್ತಲ್ಲ! ಮೂವತ್ತು ವರ್ಷದ ಪಾಠ ನನ್ನ ನಾಲಿಗೆ ಕೆಡಿಸಿತ್ತು.

ಹೊಲದಲ್ಲಿ ಕುಣಿ ಮೊಣಕಾಲುದ್ದ ಆಗಿತ್ತು. ತೋಡಿದ್ದನ್ನು ಬರಿದೇ ಮುಚ್ಚಬಾರದು, ಏನನ್ನಾದರೂ ಇಡಬೇಕು ಎಂದು ಅಯ್ಯನವರು ಎರಡನೆಯ ಚಹಾಕ್ಕೆ ಹೇಳಿದರು. ಏನಿಡುವುದು ಎಂದು ಚರ್ಚೆ ನಡೆಯಿತು. ಕೊನೆಗೆ ನಮ್ಮತ್ತೆಯೇ, “ಆ ಗೋಣಿತಟ್ಟು ಹುಗೀರಿ” ಎಂದರು. ಹಾಗಾಗಿ ಕಿಂಡಿಯ ಗೋಣಿತಟ್ಟು ವಿಭೂತಿ, ಪತ್ರಿ ಸಮೇತ ಮಾವನವರ ಬಾಜೂಕೆ ಮಣ್ಣಾಯಿತು. ತಂದ ಹಾರವೂ ಅದಕ್ಕೇ ಆಯಿತು. ಸಂಜೆ ಬಸ್ಸಿಗೆ ಭುವನೇಶ್ವರಿ ತೆಲುಗು ಕನ್ನಡ ಎರಡರಲ್ಲೂ ಅಳುತ್ತ ಬಂದಳು. ತಾಯಿ ಬಾಗಿಲಲ್ಲೇ ‘ಯಾಕ, ರೊಟ್ಟಿ ಕಟಿಗೊಂಡು ಬಂದಿಲ್ಲೇನು’ ಎಂದು ಕೇಳಿದ್ದಕ್ಕೆ ಇನ್ನೂ ಜೋರಾಗಿ ಅತ್ತಳು. ಬಂದವಳು ಪಂಚಮಿ ಮುಗಿಸಿಕೊಂಡೇ ಹೋದಳು.

ಕಿಂಡಿ ಉಳಿಯಿತು. ಇಷ್ಟೆಲ್ಲ ಆದ ಮೇಲೆ ಅದನ್ನು ಮುಚ್ಚು ಎಂದು ಹೇಳುವ ಧೈರ್ಯ ನಮ್ಮ ಯಜಮಾನರಿಗೆ ಆಗಲಿಲ್ಲ. ದ್ಯಾವಪ್ಪ ಹೊಸ ಗೋಡೆಯಲ್ಲಿ ಹಳೆಯದಕ್ಕೆ ಸರಿಯಾಗಿ ಚೌಕ ಬಿಟ್ಟು, ಕೆಳಗೆ ಒಂದು ತುಂಡು ಕಡಪ ಕಲ್ಲು ಹಾಕಿಕೊಟ್ಟ. ಎಸಿ ಹಚ್ಚಿದರೆ ಅರ್ಧ ಥಂಡಿ ಆ ಕಡೆ ಹೋಗುತ್ತಿತ್ತು. ಅಖ್ತರಬೇಗಂ, “ಮುದುಕ್ಯಾರನ್ನ ಕೊಲ್ಲಾಕ ತಂದೀರೇನು, ಬಂದ್ ಮಾಡ್ರಿ” ಎಂದು ಕೂಗುತ್ತಿದ್ದರು. ಬಂದ್ ಮಾಡಿದರೆ, “ಯಾಕ, ಕರೆಂಟ್ ಹೋತೇನು?” ಎಂದು ಕೇಳುತ್ತಿದ್ದರು. ನಾರಿನ ವಿಷಯ ಮಾತ್ರ ತೀರ್ಮಾನವಾಗಲಿಲ್ಲ. ಪ್ರತಿ ಸಲ ಪುಂಡಿ ಹೋದಾಗಲೂ ಆ ಕಡೆಯಿಂದ “ನಾರ ಅದ” ಎಂದು ಬರುತ್ತಿತ್ತು, ಈ ಕಡೆಯಿಂದ “ಒಮ್ಮಿ ಇಲ್ಲ ಅಂದೀದಿ, ಊರೇ ಕೇಳ್ಯಾದ” ಎಂದು ಹೋಗುತ್ತಿತ್ತು. ನಮ್ಮತ್ತೆ ಮತ್ತೆ ಪಲ್ಯ ಸೋಸತೊಡಗಿದರು.

ಎಳ್ಳಮವಾಸ್ಯೆ ಆದ ಮರುವಾರ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಯಾರಿಗೆ ಫೋನ್ ಮಾಡಿದರೂ ಮೊದಲು ‘ಖರೇನಾ?’ ಎಂದು ಕೇಳಿದರು. ಭುವನೇಶ್ವರಿ ಅಣ್ಣನಿಂದ ಆಣೆ ಮಾಡಿಸಿಕೊಂಡು ಬಸ್ ಹತ್ತಿದಳು. ಅಖ್ತರಬೇಗಂ ಮಾತ್ರ ಏನೂ ಕೇಳಲಿಲ್ಲ. ಹೆಣ ಕೂರಿಸಿದ್ದಷ್ಟು ಹೊತ್ತೂ ಕಿಂಡಿಯಲ್ಲಿ ಅವರ ಮುಖ ಇತ್ತು. ಈ ಸಲ ಅವರು ಗೋಡೆ ಬಡಿದು ಅಳಲಿಲ್ಲ.

ಕೋಣೆ ಖಾಲಿಯಾಯಿತು. ಎಸಿಯನ್ನು ಯಾರೂ ಹಚ್ಚುವುದಿಲ್ಲ. ಈ ವರ್ಷ ಅದೇ ಪಾಠ ಬಂತು, ಪೇರಲ ಹಣ್ಣಿನ ಹರಳು ಬಂತು, ಹಿಂದಿನ ಬೆಂಚಿನ ಹುಡುಗನೊಬ್ಬ ಅದೇ ಪ್ರಶ್ನೆ ಕೇಳಿದ, ಸತ್ತ ಮೇಲೆ ಕುಣಿ ಯಾಕೆ ಎಂದು. “ಬಾಜೂದವರು ಇನ್ನ ಬದುಕಿರತಾರಲ್ಲ, ಅದಕ್ಕ” ಎಂದೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ ಎಂದೂ ಹೇಳಿದೆ.

ಮಳೆ ಬಿದ್ದು ಪುಂಡಿ ಬಂದಿತ್ತು. ಮೊದಲ ಸಲ ನಾನೊಬ್ಬಳೇ ಕೂತು ಸೋಸಿದೆ. ನನಗೆ ಅಂಗಾಂಶ ಗೊತ್ತು, ಕಣ್ಣೂ ಚೆನ್ನಾಗಿದೆ. ಎಳೆಯ ಎಲೆಯನ್ನಷ್ಟೇ ಇಟ್ಟುಕೊಂಡು ದಂಟೆಲ್ಲ ತೆಗೆದೆ. ಬೆಣ್ಣೆಯ ಹಾಗೆ ಬೆಂದ ಪಲ್ಯವನ್ನು ವಾಟಗಾದಲ್ಲಿ ಹಾಕಿ ಕಿಂಡಿಯಲ್ಲಿ ಸರಿಸಿದೆ. ಆ ಕಡೆಯಿಂದ ಕೈ ಬಂದು ಎಳೆದುಕೊಂಡಿತು. ಮರುದಿನ ಬೆಳಗ್ಗೆ ವಾಟಗಾ ತಿರುಗಿ ಬಂತು. ಪಲ್ಯ ಹಾಗೆಯೇ ಇತ್ತು.

“ಯಾಕ್ರಿ ಖಾಲಾ, ಸೇರಲಿಲ್ಲೇನು?”

“ನಾರ ಇಲ್ಲವ್ವ ಇದರಾಗ,” ಎಂದರು. ಆಮೇಲೆ ಮೂಗು ಒರೆಸಿಕೊಂಡ ಸಪ್ಪಳ ಬಂತು.

ಮುಂದಿನ ವಾರ ಪುಂಡಿ ತಂದಾಗ ಎರಡು ಬಲಿತ ದಂಟು ಆರಿಸಿ, ಎಲೆಗಳ ಜೊತೆಯಲ್ಲೇ ಹೆಚ್ಚಿ ಹಾಕಿದೆ. ಬೆಳಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಕಿಂಡಿಯಿಂದ ಖಾಲಿ ವಾಟಗಾ ಬಂತು.

“ಗುರುದೇವಿ, ನಾರ ಅದ.”

“ನಾ ಸೋಸಿದ ಪಲ್ಯದಾಗ ನಾರ ಇರಲ್ರಿ,” ಎಂದೆ, ಮತ್ತು ಚೀಲ ಕೆಳಗಿಟ್ಟು ನಮ್ಮತ್ತೆಯ ಮಂಚದ ಮೇಲೆ ಕೂತೆ.